ಒದ್ದರೂ ಏಳದ ಗಾಡಿ

ಮಳೆಗಾಲದ ಒಂದು ಬೆಳಿಗ್ಗೆ. ಕಚೇರಿಗೆ ಹೊರಟವನೊಬ್ಬ ಮನೆಯ ಮುಂದೆ ನಿಂತು ತನ್ನ ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆಯುತ್ತಿದ್ದಾನೆ. ಹತ್ತು ಸಲ ಆಯಿತು, ಹದಿನೈದು ಸಲ ಆಯಿತು. ಎಂಜಿನ್ ತಿರುಗುತ್ತದೆ, ಸೈಲೆನ್ಸರಿನಿಂದ ಬುಸ್ ಎಂದು ಗಾಳಿ ಬರುತ್ತದೆ, ಪೆಟ್ರೋಲಿನ ವಾಸನೆಯೂ ಮೂಗಿಗೆ ಬಡಿಯುತ್ತದೆ. ಗಾಡಿ ಮಾತ್ರ ಏಳುವುದಿಲ್ಲ. ಎದುರು ಮನೆಯವರು ಪೇಪರಿನಿಂದ ತಲೆಯೆತ್ತಿ 'ಚೋಕ್ ಹಾಕಿ ನೋಡಿ' ಎನ್ನುತ್ತಾರೆ. ಹಾಲಿನವನು ಸೈಕಲ್ ನಿಲ್ಲಿಸಿ 'ಪ್ಲಗ್ ಬಿಚ್ಚಿ ಸಾರ್, ಎಣ್ಣೆ ಕೂತಿರುತ್ತೆ' ಎನ್ನುತ್ತಾನೆ. ಶಾಲೆಗೆ ಹೊರಟ ಹುಡುಗರು ಹಿಂದಿನಿಂದ ತಳ್ಳಲು ಸಿದ್ಧರಾಗುತ್ತಾರೆ. 1960ರಿಂದ ಮೂರು ನಾಲ್ಕು ದಶಕಗಳ ಕಾಲ ಕರ್ನಾಟಕದ ಯಾವ ಊರಿನ ಯಾವ ಬೀದಿಯಲ್ಲಾದರೂ ಕಾಣಬಹುದಾಗಿದ್ದ ನೋಟವಿದು.

ಈ ನೋಟದಲ್ಲಿ ಗಮನಿಸಬೇಕಾದದ್ದು ಕಿಕ್ ಹೊಡೆಯುವವನನ್ನಲ್ಲ, ಸಲಹೆ ಕೊಡುವವರನ್ನು. ಅವರಲ್ಲಿ ಯಾರೂ ಎಂಜಿನಿಯರುಗಳಲ್ಲ. ಕೆಲವರ ಬಳಿ ಗಾಡಿಯೂ ಇದ್ದಿರಲಾರದು. ಆದರೂ ತಿರುಗುವ ಎಂಜಿನ್ ಏಕೆ ಹೊತ್ತಿಕೊಳ್ಳುತ್ತಿಲ್ಲ ಎಂಬ ಪ್ರಶ್ನೆಗೆ ಎಲ್ಲರಲ್ಲೂ ಒಂದೊಂದು ಉತ್ತರವಿತ್ತು, ಮತ್ತು ಆ ಉತ್ತರಗಳು ಬಹಳಷ್ಟು ಸಲ ಸರಿಯಾಗಿಯೇ ಇರುತ್ತಿದ್ದವು. ಒಂದು ಯಂತ್ರದ ರೋಗನಿದಾನ ಹೀಗೆ ಬೀದಿಯ ತಿಳಿವಳಿಕೆಯಾದದ್ದು ಹೇಗೆ?

ಕರ್ನಾಟಕದ ಮಟ್ಟಿಗೆ ಉತ್ತರದ ಒಂದು ಭಾಗ ಮೈಸೂರಿನ ಯಾದವಗಿರಿಯಲ್ಲಿದೆ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಸಂಸ್ಥೆ ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು ಅಲ್ಲಿ ಕಾರ್ಖಾನೆ ತೆರೆಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1961ರ ಹೊತ್ತಿಗೆ 250 ಸಿ.ಸಿ.ಯ ಜಾವಾ ಗಾಡಿಗಳು ಅಲ್ಲಿಂದ ಹೊರಬರತೊಡಗಿದವು. 1970ರ ದಶಕದಲ್ಲಿ ಅವುಗಳ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರು ಅದು ಎನ್ನುವವರಿದ್ದಾರೆ. ಜೆಕ್ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರದ ಮಾತಿಗೆ 'ಸವಾರಿ ಮಾಡುತ್ತಾನೆ' ಎಂಬ ಅರ್ಥವಿದೆ ಎನ್ನುವವರೂ ಇದ್ದಾರೆ. ಮೂಲ ಕಂಪನಿಯ ಹೆಸರಂತೂ ಒಂದು ಜೋಡಣೆ. ಪ್ರಾಗ್ ನಗರದ ಶಸ್ತ್ರಾಸ್ತ್ರ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡ. ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ 'ಯಾವಾ' ಆಯಿತು. ನಮ್ಮ ಬಾಯಲ್ಲಿ ಜಾವಾ.

ಈ ಗಾಡಿಯಲ್ಲಿ ಒಂದು ವಿಶೇಷವಿತ್ತು. ಕಿಕ್ ಹೊಡೆಯುವ ಸನ್ನೆ ಮತ್ತು ಗೇರು ಬದಲಿಸುವ ಸನ್ನೆ ಎರಡೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಹಿಂದಕ್ಕೆ ಬಿಟ್ಟರೆ ಗೇರು. ಹೊಸಬರು ಕಿಕ್ಕರ್ ಎಲ್ಲಿದೆ ಎಂದು ಹುಡುಕುತ್ತಾ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುವುದನ್ನು ನೋಡುವುದೇ ಹಳೆಯ ಸವಾರರಿಗೆ ಒಂದು ಮೋಜು.

ಕಾಲಿನಿಂದ ಒದ್ದು ಎಂಜಿನ್ ಎಬ್ಬಿಸುವ ಪದ್ಧತಿಯೇ ಮೋಟಾರ್ ಸೈಕಲ್ಲಿಗಿಂತ ಚಿಕ್ಕದು. 1894ರಲ್ಲಿ ಜರ್ಮನಿಯಲ್ಲಿ ಹಿಲ್ಡೆಬ್ರಾಂಡ್ ಮತ್ತು ವೊಲ್ಫ್‌ಮ್ಯೂಲರ್ ಕಂಪನಿ ತಯಾರಿಸಿದ ಗಾಡಿ, ಮಾರಾಟಕ್ಕೆಂದೇ ಸಾಲಾಗಿ ತಯಾರಾದ ಮೊದಲ ಮೋಟಾರ್ ಸೈಕಲ್ಲು. ಅದಕ್ಕೆ ಕ್ಲಚ್ ಇರಲಿಲ್ಲ. ಸವಾರ ಗಾಡಿಯನ್ನು ತಳ್ಳಿಕೊಂಡು ಓಡಬೇಕು, ಎಂಜಿನ್ ಹೊತ್ತಿಕೊಂಡ ಕೂಡಲೇ ಹಾರಿ ಕೂರಬೇಕು. ಆಮೇಲಿನ ಗಾಡಿಗಳಿಗೆ ಸೈಕಲ್ಲಿನ ಪೆಡಲುಗಳನ್ನೇ ಇಟ್ಟರು. ಇಂಗ್ಲೆಂಡಿನ ಯಾರ್ಕ್‌ಶೈರಿನ ಆಲ್ಫ್ರೆಡ್ ಆಂಗಸ್ ಸ್ಕಾಟ್ 1908ರಲ್ಲಿ ತನ್ನ ಟೂ-ಸ್ಟ್ರೋಕ್ ಗಾಡಿಗೆ ಕಿಕ್ ಸ್ಟಾರ್ಟರ್ ಜೋಡಿಸಿದ. ನಿಂತಲ್ಲೇ ನಿಂತು ಗಾಡಿ ಎಬ್ಬಿಸುವ ಸೌಕರ್ಯ ಬಂದದ್ದು ಆಗ. ನಿಂತಲ್ಲೇ ನಿಂತು ಬೆವರು ಸುರಿಸುವ ಕಷ್ಟವೂ ಆಗಲೇ ಬಂತು.

ಒದೆದಾಗ ಎಂಜಿನ್ ತಿರುಗದೇ ಬಿಗಿದುಕೊಂಡಿದ್ದರೆ ಅದು ಬೇರೆಯೇ ಕಾಯಿಲೆ. ಪಿಸ್ಟನ್ ಸೀಜಾಗಿರಬಹುದು, ಒಳಗೇನಾದರೂ ಮುರಿದಿರಬಹುದು. ಸಲೀಸಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಾರಣವನ್ನು ಮೂರೇ ಕಡೆ ಹುಡುಕಬೇಕು. ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು ಸಿಲಿಂಡರಿಗೆ ಹೋಗಬೇಕು. ಪಿಸ್ಟನ್ ಅದನ್ನು ಬಿಗಿಯಾಗಿ ಒತ್ತಬೇಕು. ಒತ್ತಿದ ಗಳಿಗೆಯಲ್ಲೇ ಕಿಡಿ ಹಾರಬೇಕು. ಗ್ಯಾರೇಜಿನ ಹುಡುಗ ಕಲಿಯುವ ಮೊದಲ ಪಾಠ ಇದು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವುದೂ ಇದನ್ನೇ.

ಮೂರರಲ್ಲಿ ಚರಿತ್ರೆಯುದ್ದಕ್ಕೂ ಹೆಚ್ಚು ಕಾಡಿದ್ದು ಕಿಡಿ. 1885ರಲ್ಲಿ ಡೈಮ್ಲರ್ ಮತ್ತು ಮೇಬಾಕ್ ಕಟ್ಟಿದ ಮರದ ಚೌಕಟ್ಟಿನ ಮೊದಲ ಗಾಡಿಯಲ್ಲಿ ಕಿಡಿಯೇ ಇರಲಿಲ್ಲ. ಸಿಲಿಂಡರಿಗೆ ಒಂದು ಸಣ್ಣ ಕೊಳವೆ ಚುಚ್ಚಿ, ಹೊರಗಿನಿಂದ ಅದನ್ನು ಪುಟ್ಟ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಇಡುತ್ತಿದ್ದರು. ಒಳಗೆ ಒತ್ತಿದ ಇಂಧನ ಆ ಕಾದ ಕೊಳವೆಯನ್ನು ಸೋಕಿ ಹೊತ್ತಿಕೊಳ್ಳುತ್ತಿತ್ತು. ಆ ಬೆಂಕಿ ಇದ್ದದ್ದು ಸವಾರನ ಸೀಟಿನ ಕೆಳಗೆ. ಡೈಮ್ಲರನ ಮಗ ಪಾಲ್ ಕಾನ್‌ಸ್ಟಾಟ್‌ನಿಂದ ಉಂಟರ್‌ಟ್ಯುರ್ಕ್‌ಹೈಮಿನವರೆಗೆ ಮೊದಲ ಸವಾರಿ ಹೋದಾಗ ಸೀಟಿಗೆ ಬೆಂಕಿ ಹತ್ತಿಕೊಂಡಿತು ಎಂದು ಹೇಳುತ್ತಾರೆ. ಮಳೆಗಾಳಿಗೆ ಜ್ವಾಲೆ ಆರಿದರೆ ಗಾಡಿಯೂ ನಿಂತಿತು.

ವಿದ್ಯುತ್ ಕಿಡಿಯನ್ನು ಚಲಿಸುವ ಗಾಡಿಗೆ ಒಗ್ಗಿಸಲು ಹಲವರು ಹೆಣಗಿದರು. ಫ್ರಾನ್ಸಿನ ದ ದಿಯೋಂ-ಬೂತೋಂ ಕಂಪನಿಯ ತ್ರಿಚಕ್ರಗಾಡಿ ಬ್ಯಾಟರಿಯ ಕಿಡಿಯನ್ನು ಬಳಸಿ ಅದುವರೆಗೆ ಕಾಣದ ವೇಗದಲ್ಲಿ ಎಂಜಿನನ್ನು ತಿರುಗಿಸಿತು. ಆದರೆ ಆ ಕಾಲದ ಬ್ಯಾಟರಿಯನ್ನು ನಂಬಿ ದೂರದ ಊರಿಗೆ ಹೋಗುವಂತಿರಲಿಲ್ಲ. 1897ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆ ಅದೇ ತ್ರಿಚಕ್ರಗಾಡಿಗೆ ತನ್ನ ಮ್ಯಾಗ್ನೆಟೋ ಅಳವಡಿಸಿತು. ಎಂಜಿನ್ ತಿರುಗಿದರೆ ಸಾಕು, ಅಯಸ್ಕಾಂತದ ಬಲದಿಂದ ವಿದ್ಯುತ್ತು ತಾನಾಗಿ ಹುಟ್ಟುತ್ತದೆ. 1902ರಲ್ಲಿ ಅದೇ ಸಂಸ್ಥೆಯ ಗೊಟ್ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದರ ಜೊತೆಗಾರನಾದ ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದ. ಹಾಲಿನವನು ಬಿಚ್ಚಿ ನೋಡಿ ಎನ್ನುವ ಪ್ಲಗ್ಗಿನ ವಂಶ ಅಲ್ಲಿಂದ ಬಂದದ್ದು.

ಇನ್ನು ಕೆಲವೇ ವರ್ಷಗಳಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳ ಹೊಸ ಏರ್ಪಾಟು ಮಾಡಿದ. 1910ರ ಹೊತ್ತಿಗೆ ಅದು ಕ್ಯಾಡಿಲಾಕ್ ಕಾರುಗಳಲ್ಲಿತ್ತು. ಮೈಸೂರಿನ ಜಾವಾದಲ್ಲಿದ್ದದ್ದು ಇದೇ ಏರ್ಪಾಟು. ಬ್ಯಾಟರಿ ಬರೀ 6 ವೋಲ್ಟಿನದು. ಪ್ಲಗ್ಗಿನ ತುದಿಯ ಸಂದನ್ನು ಕಿಡಿ ದಾಟಬೇಕಾದರೆ ಸಾವಿರಾರು ವೋಲ್ಟು ಬೇಕು. 6 ಸಾವಿರಾರು ಆಗುವುದು ಹೇಗೆ? ಓಡುವ ಎತ್ತಿನ ಗಾಡಿಯನ್ನು ಥಟ್ಟನೆ ನಿಲ್ಲಿಸಿದರೆ ಒಳಗಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕಾಯಿಲಿನ ದಪ್ಪ ತಂತಿಯ ಸುರುಳಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಪಾಯಿಂಟುಗಳು ಬಾಯಿಬಿಟ್ಟು ಥಟ್ಟನೆ ಕತ್ತರಿಸುತ್ತವೆ. ಆ ಮುಗ್ಗರಿಸುವಿಕೆ ಪಕ್ಕದಲ್ಲೇ ಸಾವಿರಾರು ಸುತ್ತು ಸುತ್ತಿದ ಸಣ್ಣ ತಂತಿಯಲ್ಲಿ ಬಹುಪಾಲು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕತ್ತರಿಸುವಾಗ ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ಕಾಯುವುದು ಕಂಡೆನ್ಸರ್ ಎಂಬ ಹೆಬ್ಬೆರಳಿನ ಗಾತ್ರದ ಡಬ್ಬಿ.

ಇಡೀ ಗಾಡಿಯ ಭವಿಷ್ಯ ಹೀಗೆ ಎರಡು ಲೋಹದ ಚುಕ್ಕೆಗಳ ಮೇಲೆ ನಿಂತಿತ್ತು. ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಸಂದು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ, ಎಣ್ಣೆ ಕೂತರೂ ಕಷ್ಟ, ತೇವ ತಾಗಿದರೂ ಕಷ್ಟ. ಆದರೆ ಒಂದು ಉಪಕಾರವಿತ್ತು. ಮುಚ್ಚಳದ ಒಂದೆರಡು ಸ್ಕ್ರೂ ಬಿಚ್ಚಿದರೆ ಅವು ಕಣ್ಣಿಗೆ ಕಾಣುತ್ತಿದ್ದವು. ಉಪ್ಪುಕಾಗದದ ಚೂರಿನಿಂದ ಉಜ್ಜಬಹುದಿತ್ತು, ಮದುವೆಯ ಕರೆಯೋಲೆಯ ಅಂಚನ್ನು ತೂರಿಸಿ ಒರೆಸಬಹುದಿತ್ತು. ಯಾವ ಅಂಗ ಹೆಚ್ಚು ಕೆಡುತ್ತಿತ್ತೋ ಅದೇ ಕೈಗೆ ಸುಲಭವಾಗಿ ಸಿಗುವ ಜಾಗದಲ್ಲೂ ಇತ್ತು. ಬೀದಿಯ ಜನಕ್ಕೆ ಎಂಜಿನ್ನಿನ ನಾಡಿ ತಿಳಿದದ್ದು ಬಹುಮಟ್ಟಿಗೆ ಈ ಕಾರಣದಿಂದ.

ನಾಡಿ ಹಿಡಿಯುವ ಕ್ರಮ ಹೀಗಿತ್ತು. ಕೀಲಿ ಹಾಕಿದಾಗ ಹೆಡ್‌ಲೈಟಿನ ಮೇಲಿನ ಪುಟ್ಟ ದೀಪ ಹೊತ್ತುತ್ತದೆಯೇ? ಹೊತ್ತದಿದ್ದರೆ ಬ್ಯಾಟರಿ ಇಳಿದಿದೆ, ಅಥವಾ ಫ್ಯೂಸ್ ಹೋಗಿದೆ. ಹೊತ್ತಿದರೆ ಪೆಟ್ರೋಲ್ ಕಾಕ್ ತೆರೆದಿದೆಯೇ? ಇದನ್ನು ಕೇಳಲು ಮೆಕ್ಯಾನಿಕ್ಕುಗಳಿಗೂ ನಾಚಿಕೆ, ಕೇಳಿಸಿಕೊಳ್ಳಲು ಮಾಲೀಕರಿಗೂ ಅವಮಾನ. ಆದರೂ ಎಷ್ಟೋ ಗಾಡಿಗಳು ಈ ಪ್ರಶ್ನೆಯಲ್ಲೇ ಗುಣವಾಗುತ್ತಿದ್ದವು. ಆಮೇಲೆ ಪ್ಲಗ್ಗು. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಅದೊಂದು ಕೈಬರಹದಂತೆ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ. ಒಂದೋ ಕಿಡಿ ಇಲ್ಲ, ಇಲ್ಲವೇ ಒದ್ದು ಒದ್ದು ಸಿಲಿಂಡರಿಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ತುಂಬಿದೆ. ಗ್ಯಾರೇಜಿನ ಮಾತಿನಲ್ಲಿ 'ಓವರ್‌ಫ್ಲೋ'. ಬೆಳಗಿನ ಸವಾರ ಚೋಕ್ ಹಾಕಿ ಇನ್ನೂ ಹತ್ತು ಸಲ ಒದೆದರೆ ರೋಗ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಪ್ಲಗ್ ಬಿಚ್ಚಿದ ರಂಧ್ರದಿಂದ ಹೆಚ್ಚಿನದೆಲ್ಲ ಹೊರಹೋಗುವಂತೆ ನಾಲ್ಕು ಸಲ ಒದೆಯುವುದು ಅದಕ್ಕೆ ಮದ್ದು.

ಬಿಚ್ಚಿದ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಕಾಣಬೇಕು. ನೀಲಿ ಕಿಡಿ ಚಟ್ ಎಂದು ಹಾರಿದರೆ ಒಳ್ಳೆಯದು. ಹಳದಿಯಾಗಿ ಸೊರಗಿದ್ದರೆ ಬ್ಯಾಟರಿ, ಪಾಯಿಂಟು, ಕಂಡೆನ್ಸರ್ ಇವುಗಳ ಕಡೆ ನೋಡಬೇಕು. ಪೆಟ್ರೋಲಿನ ಆವಿ ಬರುವ ಪ್ಲಗ್ ರಂಧ್ರದಿಂದ ಮಾರುದೂರದಲ್ಲಿ ಇದನ್ನು ಮಾಡಬೇಕೆಂಬುದನ್ನು ಕೆಲವರು ಹುಬ್ಬು ಸುಟ್ಟುಕೊಂಡ ಮೇಲೆ ಕಲಿತರು. ಇಲ್ಲೊಂದು ಸೂಕ್ಷ್ಮವೂ ಇದೆ. ಹೊರಗೆ ಚೆನ್ನಾಗಿ ಹಾರುವ ಕಿಡಿ ಒಳಗೆ ಹಾರದೇ ಇರಬಹುದು. ಒತ್ತಿ ಹಿಡಿದ ಗಾಳಿಯನ್ನು ಸೀಳಲು ಬಯಲು ಗಾಳಿಯನ್ನು ಸೀಳುವುದಕ್ಕಿಂತ ಹೆಚ್ಚು ವೋಲ್ಟೇಜು ಬೇಕು. ಬಲಗುಂದಿದ ಕಾಯಿಲು ಬೀದಿಯಲ್ಲಿ ಪಾಸಾಗಿ ಸಿಲಿಂಡರಿನಲ್ಲಿ ಫೇಲಾಗುತ್ತದೆ. ಇಂತಹ ಗಾಡಿಯನ್ನು ಹಿಡಿದು ಮಧ್ಯಾಹ್ನದವರೆಗೆ ಕುಳಿತ ಮೆಕ್ಯಾನಿಕ್ ಕೊನೆಗೆ ಹೊಸ ಪ್ಲಗ್ಗೊಂದನ್ನು ಹಾಕಿ ನೋಡುತ್ತಾನೆ. ಅದು ಸೋಲಲ್ಲ, ಅದೂ ಒಂದು ಪರೀಕ್ಷೆಯೇ.

ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು. ಅವುಗಳ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಈ ಎಣ್ಣೆ ಎಂಜಿನ್ನಿಗೆ ಪ್ರಾಣವೂ ಹೌದು, ಪ್ಲಗ್ಗಿಗೆ ಶತ್ರುವೂ ಹೌದು. ಸುಟ್ಟ ಎಣ್ಣೆಯ ಮಸಿ ಕೂದಲೆಳೆಯಂತೆ ಪ್ಲಗ್ಗಿನ ಸಂದಿಗೆ ಅಡ್ಡ ಕೂತುಬಿಡುತ್ತದೆ. ಕಿಡಿ ಹಾರುವ ಬದಲು ವಿದ್ಯುತ್ತು ಆ ಎಳೆಯ ಮೂಲಕ ತಣ್ಣಗೆ ನಡೆದುಹೋಗುತ್ತದೆ. ಓಡುತ್ತಿದ್ದ ಗಾಡಿ ನಡುದಾರಿಯಲ್ಲಿ ನಿಂತು, ಪ್ಲಗ್ ಬಿಚ್ಚಿ ಒರೆಸಿದ ಕೂಡಲೇ ಏನೂ ಆಗದಂತೆ ಹೊರಡುತ್ತಿದ್ದುದು ಇದರಿಂದ. ಗಾಡಿಯ ಟೂಲ್ ಬಾಕ್ಸಿನಲ್ಲಿ ಪ್ಲಗ್ ಸ್ಪ್ಯಾನರ್ ಇಲ್ಲದೆ ಚಾರ್ಮಾಡಿ ಘಾಟಿ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಇನ್ನೊಂದು ತೊಂದರೆ: ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಎಣ್ಣೆ ಮಾತ್ರ ಉಳಿಯುತ್ತದೆ, ಸೂಜಿಮೊನೆಯಷ್ಟು ರಂಧ್ರದ ಜೆಟ್ಟು ಅಂಟಿನಿಂದ ಮುಚ್ಚಿಹೋಗುತ್ತದೆ. ಮನೆ ತಲುಪುವ ಮುನ್ನವೇ ಕಾಕ್ ಮುಚ್ಚಿ ಕಾರ್ಬೊರೇಟರ್ ಬರಿದು ಮಾಡುವ ಹಿರಿಯರ ಅಭ್ಯಾಸಕ್ಕೆ ಇದೇ ಕಾರಣ, ಜಿಪುಣತನವಲ್ಲ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರದಲ್ಲಿ ಧೂಳು ಕೂತರೂ ಸಾಕು, ಟ್ಯಾಂಕು ತುಂಬಿದ್ದೂ ಪೆಟ್ರೋಲು ಕೆಳಗಿಳಿಯುವುದಿಲ್ಲ. ಸೀಮೆಎಣ್ಣೆ ಬೆರೆಸಿದ ಪೆಟ್ರೋಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ.

ಕಿಡಿ ಇದೆ, ಪೆಟ್ರೋಲಿದೆ, ಆದರೂ ಗಾಡಿ ಏಳದಿದ್ದರೆ ಉಳಿಯುವುದು ಒತ್ತಡ. ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಕಿಕ್ ಹೊಡೆದರೆ ಬೆರಳು ಚಿಮ್ಮಿ ಹಿಂದೆ ಬರಬೇಕು. ಬರದಿದ್ದರೆ ರಿಂಗು ಸವೆದಿದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇದಕ್ಕೂ ಕೆಳಗೆ ಇನ್ನೊಂದು ಒತ್ತಡವಿದೆ. ಪೆಟ್ರೋಲು ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಅಲ್ಲಿ ಒತ್ತಲ್ಪಟ್ಟು ಮೇಲಕ್ಕೆ ಹೋಗುತ್ತದೆ. ಆ ಕೋಣೆಯ ಎಣ್ಣೆ ಸೀಲು ಹರಿದರೆ ಎಂಜಿನ್ ಪೆಟ್ರೋಲನ್ನು ಸರಿಯಾಗಿ ಎಳೆದುಕೊಳ್ಳುವುದೇ ಇಲ್ಲ. ಇದು ಹೊರಗೆ ಕಾಣದ ಕಾಯಿಲೆ. ಎಂಜಿನ್ ಇಳಿಸಬೇಕು, ನಡು ಸೀಳಬೇಕು. ಹಾಲಿನವನ ಸಲಹೆ ನಿಲ್ಲುವುದು, ಮೇಸ್ತ್ರಿಯ ವಿದ್ಯೆ ಶುರುವಾಗುವುದು ಇಲ್ಲಿ. ಸೀಮೆಎಣ್ಣೆಯ ತಟ್ಟೆಯಲ್ಲಿ ಬಿಡಿಭಾಗ ತೊಳೆಯುತ್ತಾ, ಕೇಳಿದ ಕೂಡಲೇ ಹತ್ತು-ಹನ್ನೊಂದರ ಸ್ಪ್ಯಾನರ್ ಕೈಗಿಡುತ್ತಾ ವರ್ಷಗಟ್ಟಲೆ ಕಳೆದ ಹುಡುಗರು ಈ ವಿದ್ಯೆಯನ್ನು ಪುಸ್ತಕವಿಲ್ಲದೆ ಮುಂದಕ್ಕೆ ದಾಟಿಸಿದರು.

ಮದ್ರಾಸಿನಲ್ಲಿ 1955ರಿಂದ ತಯಾರಾಗುತ್ತಿದ್ದ ಎನ್‌ಫೀಲ್ಡ್ ಬುಲೆಟ್ಟಿನ ಸವಾರರದು ಇನ್ನೊಂದು ಪಂಥ. ಅದು ಫೋರ್-ಸ್ಟ್ರೋಕ್, ಭಾರದ ಪಿಸ್ಟನ್ನು. ಸುಮ್ಮನೆ ಒದೆದರೆ ಅದು ತಿರುಗಿ ಒದೆಯುತ್ತದೆ. ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರಿನ ಮುಳ್ಳನ್ನು ನೋಡುತ್ತಾ ಕಿಕ್ಕರನ್ನು ಮೆಲ್ಲಗೆ ಒತ್ತಬೇಕು, ಮುಳ್ಳು ನಡುವಿಗೆ ಬಂದಾಗ ಪಾಯಿಂಟು ತೆರೆದಿದೆ ಎಂದರ್ಥ. ಡಿಕಂಪ್ರೆಸರ್ ಒತ್ತಿ ಪಿಸ್ಟನ್ನನ್ನು ತುಸು ದಾಟಿಸಿ, ಆಮೇಲೆ ಒಂದೇ ಒದೆತ. ತಿಳಿದವನಿಗೆ ಅದು ಒಂದೇ ಸಲಕ್ಕೆ ಏಳುತ್ತದೆ, ತಿಳಿಯದವನ ಮೊಣಕಾಲು ಮುರಿಯುತ್ತದೆ.

1985ರಲ್ಲಿ ಹೀರೊ ಹೋಂಡಾದ ಸಿ.ಡಿ. 100 ಮತ್ತು ಯಮಹಾ ಆರ್.ಎಕ್ಸ್. 100 ಬಂದವು. ಅವುಗಳಲ್ಲಿ ಪಾಯಿಂಟುಗಳಿರಲಿಲ್ಲ. ಅವುಗಳ ಬದಲು ಸಿ.ಡಿ.ಐ. ಎಂಬ ಮುಚ್ಚಿದ ಕಪ್ಪು ಡಬ್ಬಿ. ಸವೆಯುವ ಭಾಗವಿಲ್ಲ, ಉಜ್ಜುವ ಕೆಲಸವಿಲ್ಲ, ಬ್ಯಾಟರಿ ಇಳಿದರೂ ಕಿಡಿಗೆ ಕೊರತೆಯಿಲ್ಲ. ಗಾಡಿ ಮೊದಲ ಒದೆತಕ್ಕೇ ಏಳತೊಡಗಿತು. ಕೆಟ್ಟಾಗ ಆ ಡಬ್ಬಿಯನ್ನು ಬಿಚ್ಚಿ ನೋಡುವಂತಿಲ್ಲ, ಎಸೆದು ಹೊಸದು ತರಬೇಕು. ಕೆಡುವುದು ಅಪರೂಪವಾದ್ದರಿಂದ ಯಾರೂ ದೂರಲಿಲ್ಲ. ದೂರುವ ಕಾರಣವೂ ಇರಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು.

2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರೂ ಬಹುತೇಕ ಮರೆಯಾಯಿತು. ಪೆಟ್ರೋಲನ್ನು ಈಗ ಪಂಪು ಒತ್ತಿ, ಇಂಜೆಕ್ಟರ್ ಸಿಂಪಡಿಸುತ್ತದೆ. ಎಷ್ಟು, ಯಾವಾಗ ಎಂಬುದನ್ನು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಸೆಲ್ಫ್ ಒತ್ತಿದರೆ ಎಂಜಿನ್ ತಿರುಗಿಯೂ ಹೊತ್ತಿಕೊಳ್ಳದ ಸಂದರ್ಭ ಈಗಲೂ ಬರುತ್ತದೆ. ಮೂರು ಪ್ರಶ್ನೆಗಳೂ ಅವೇ. ಕೇಳುವ ಬಗೆ ಬೇರೆ. ಕೀಲಿ ತಿರುಗಿಸಿದಾಗ ಟ್ಯಾಂಕಿನೊಳಗಿಂದ ಪಂಪಿನ ಜುಂಯ್ ಎನ್ನುವ ಸದ್ದು ಎರಡು ಗಳಿಗೆ ಕೇಳಿಸಬೇಕು. ಕೇಳಿಸದಿದ್ದರೆ ಫ್ಯೂಸು, ರಿಲೇ ಅಥವಾ ಪಂಪು. ಬ್ಯಾಟರಿ ಅರೆಬರೆ ಇಳಿದಿದ್ದರೆ ಎಂಜಿನ್ ತಿರುಗಿಸುವಷ್ಟು ಶಕ್ತಿ ಇದ್ದೂ ಕಂಪ್ಯೂಟರಿಗೆ ಸಾಲದೇ ಹೋಗಬಹುದು. ಗಾಡಿ ಒಮ್ಮೆ ಉರುಳಿಬಿದ್ದಿದ್ದರೆ ಬೀಳುವುದನ್ನು ಗುರುತಿಸುವ ಸೆನ್ಸರ್ ಎಲ್ಲವನ್ನೂ ನಿಲ್ಲಿಸಿರುತ್ತದೆ. ಕೀಲಿ ಆರಿಸಿ ಮತ್ತೆ ಹಾಕಬೇಕು. ಇಷ್ಟನ್ನು ಈಗಲೂ ಮಾಲೀಕನೇ ನೋಡಬಹುದು. ಇದಕ್ಕೂ ಆಚೆ ಹೋದರೆ ಮೀಟರಿನಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪವೊಂದು ಹೊತ್ತಿಕೊಂಡು ಕೂರುತ್ತದೆ. ಅದು ಏನು ಹೇಳುತ್ತಿದೆ ಎಂದು ಓದಲು ಸ್ಕ್ಯಾನರ್ ಬೇಕು. ಕಂಪನಿಯ ಸ್ಕ್ಯಾನರ್ ಇರುವುದು ಕಂಪನಿಯ ಸರ್ವಿಸ್ ಸ್ಟೇಷನ್ನಿನಲ್ಲಿ. ಬಿಡಿ ಸ್ಕ್ಯಾನರುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಎಲ್ಲ ಗಾಡಿಯ ಎಲ್ಲ ಮಾತೂ ಅವಕ್ಕೆ ತಿಳಿಯುವುದಿಲ್ಲ.

ಹೊಸ ಗಾಡಿಗಳು ಹಳೆಯವಕ್ಕಿಂತ ಎಲ್ಲ ರೀತಿಯಲ್ಲೂ ಮೇಲು ಎಂಬುದರಲ್ಲಿ ವಾದವಿಲ್ಲ. ಹೊಗೆ ಕಡಿಮೆ, ಪೆಟ್ರೋಲ್ ಖರ್ಚು ಕಡಿಮೆ, ಬೆಳಿಗ್ಗೆ ಬೆವರುವ ಕೆಲಸವಿಲ್ಲ. ಪ್ರಶ್ನೆ ಇರುವುದು ರೋಗದ ಹೆಸರನ್ನು ತಿಳಿಯುವ ಹಕ್ಕು ಯಾರದು ಎಂಬಲ್ಲಿ. ಊರಿನ ಗ್ಯಾರೇಜಿನವನು ಆ ದೀಪವನ್ನು ಓದಲಾಗದೆ ಗಾಡಿಯನ್ನು ಲಗೇಜ್ ಆಟೋದಲ್ಲಿ ಹೇರಿ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕಾದರೆ ಅವನ ವಿದ್ಯೆಗೂ ಹೊಟ್ಟೆಗೂ ಒಟ್ಟಿಗೆ ಪೆಟ್ಟು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಅದು ಮೊದಲಿಗೆ ಗಮನ ಹರಿಸಬೇಕೆಂದು ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಯಂತ್ರ, ಮೊಬೈಲುಗಳ ಜೊತೆಗೆ ವಾಹನಗಳೂ ಇದ್ದವು. ಕೈಪಿಡಿಗಳೂ ಬಿಡಿಭಾಗಗಳೂ ಹೊರಗಿನ ಮೆಕ್ಯಾನಿಕ್ಕುಗಳಿಗೂ ದಕ್ಕಬೇಕೆಂಬುದು ಅದರ ಹಿಂದಿನ ವಿಚಾರ.

ಯಾದವಗಿರಿಯ ಕಾರ್ಖಾನೆ ಮುಚ್ಚಿ ಕಾಲು ಶತಮಾನ ದಾಟಿದರೂ ಅಲ್ಲಿಂದ ಹೊರಬಂದ ಗಾಡಿಗಳು ಇನ್ನೂ ಓಡುತ್ತಿವೆ. ತಯಾರಕರಿಲ್ಲದ, ಅಧಿಕೃತ ಸರ್ವಿಸ್ ಸ್ಟೇಷನ್ ಇಲ್ಲದ ಯಂತ್ರವೊಂದು ಇಷ್ಟು ಕಾಲ ಬದುಕಿರುವುದು ಪಾಯಿಂಟು ಉಜ್ಜಬಲ್ಲ, ಸೀಲು ಬದಲಿಸಬಲ್ಲ ಮೇಸ್ತ್ರಿಗಳಿಂದ. ಜುಲೈ ತಿಂಗಳ ಎರಡನೇ ಭಾನುವಾರ ಮೈಸೂರು, ಬೆಂಗಳೂರುಗಳಲ್ಲಿ ಜಾವಾ-ಯೆಜ್ಡಿ ಮಾಲೀಕರು ತಮ್ಮ ಗಾಡಿಗಳೊಂದಿಗೆ ಸೇರುತ್ತಾರೆ. ಹೊರಡುವ ಹೊತ್ತಿಗೆ ಒಂದೆರಡಾದರೂ ಗಾಡಿ ಹಟ ಹಿಡಿಯುತ್ತದೆ, ಸುತ್ತಲೂ ಹತ್ತು ಜನ ಸೇರಿ ಹತ್ತು ಸಲಹೆ ಕೊಡುತ್ತಾರೆ, ಯಾರದೋ ಜೇಬಿನಿಂದ ಉಪ್ಪುಕಾಗದ ಹೊರಬರುತ್ತದೆ. ಅದೇ ಹೆಸರಿನ ಹೊಸ ಗಾಡಿಗಳೂ ಈಗ ಇವೆ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೊಂದು ಸಂಸ್ಥೆಯಿಂದ ಮರಳಿ ಬಂದವು. ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಬಟನ್ ಒತ್ತಿದರೆ ಏಳುತ್ತವೆ. ಕಿಕ್ಕರ್ ಎಲ್ಲಿದೆ ಎಂದು ಹುಡುಕಿದರೆ ಈ ಸಲ ನಿಜವಾಗಿಯೂ ಸಿಗುವುದಿಲ್ಲ.